ಹನ್ನೊಂದು ಮಕ್ಕಳು, ಒಂದು ಗೀಸರ್, ಒಂದು ಚಿಮಣಿ

1

ಈ ಕಥೆಯನ್ನು ಬಾಯ್ಲರಿನಿಂದ ಶುರು ಮಾಡಿದರೆ ನೀವು ಓದುವುದಿಲ್ಲ. ಮಕ್ಕಳಿಂದ ಶುರು ಮಾಡಿದರೆ ಓದುತ್ತೀರಿ, ಆದರೆ ಹೆದರಿಸುವುದಕ್ಕೆ ಬೇರೇನೂ ಸಿಗಲಿಲ್ಲವೇ ಎಂದು ನನಗೇ ಬೈಯುತ್ತೀರಿ. ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ. ಒಂದು ಡ್ರಾಫ್ಟಿನಲ್ಲಿ ಶಿಶುವಿಹಾರದ ಬದಲು ಲಾಂಡ್ರಿ ಇತ್ತು. ಲಾಂಡ್ರಿಯಲ್ಲಿ ಯಾರೂ ಮಧ್ಯಾಹ್ನ ಮಲಗುವುದಿಲ್ಲ. ಈ ಕಥೆಗೆ ಯಾರಾದರೂ ಮಲಗಿರಲೇಬೇಕು. ಆದ್ದರಿಂದ ಒಂದು ಫಾರಂನಿಂದ ಶುರು ಮಾಡುತ್ತೇನೆ. ಫಾರಂ ಓದಿ ಯಾರೂ ಹೆದರಿದ್ದಿಲ್ಲ.

(ಒಬ್ಬನನ್ನು ಬಿಟ್ಟು.)

2

ಮಂಗಳವಾರ ಮಧ್ಯಾಹ್ನ ಒಂದೂವರೆಗೆ, ಒಂದು ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ, ಬಾಯ್ಲರ್ ಮೆಕ್ಯಾನಿಕ್ ಒಬ್ಬ ಕೆಲಸ ಮುಗಿಸಿ ಫಾರಂ ತುಂಬುತ್ತಿದ್ದ. ಇಪ್ಪತ್ತೆರಡು ವರ್ಷದ ಸರ್ವೀಸು. ಪ್ರಶ್ನೆ ಓದದೆಯೇ ಕೈ ಉತ್ತರ ಬರೆಯುತ್ತದೆ. ಹನ್ನೆರಡನೇ ಪ್ರಶ್ನೆ: ಹಳೆಯ ಚಿಮಣಿಗೆ ಬೇರೆ ಉಪಕರಣ ಏನಾದರೂ ಜೋಡಿಸಿದೆಯೇ?

‘ಇಲ್ಲ’ ಎಂದು ಬರೆಯಲು ಹೋದವನ ಕೈ ಅಲ್ಲೇ ನಿಂತಿತು.

ಈ ಕಟ್ಟಡದಲ್ಲಿ ಇರಲಿಲ್ಲ. ಅಕ್ಕನ ಕಟ್ಟಡದಲ್ಲಿ ಇತ್ತು.

ಹೋದ ಗುರುವಾರ ಅಕ್ಕನ ಶಿಶುವಿಹಾರಕ್ಕೆ ರಜೆ ಇದ್ದಾಗ, ಕೋಣೆಗಳನ್ನು ಬೆಚ್ಚಗಿಡುತ್ತಿದ್ದ ಹಳೆಯ ಬಾಯ್ಲರ್ ಕಿತ್ತು ಹೊಸದನ್ನು ಅವನೇ ಕೂರಿಸಿದ್ದ. ಹೊಸದು ಶಾಖವನ್ನೆಲ್ಲ ಹೀರಿಕೊಂಡು ಬಿಡುವ ಹೊಗೆ ಎಷ್ಟು ತಣ್ಣಗಿರುತ್ತದೆಂದರೆ ಅದಕ್ಕೆ ಚಿಮಣಿಯೇ ಬೇಡ. ಗೋಡೆ ಕೊರೆದು ಎರಡು ಪ್ಲಾಸ್ಟಿಕ್ ಪೈಪು ಹಾಯಿಸಿದರೆ ಮುಗಿಯಿತು: ಒಂದು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಹೊಗೆ ತಣಿದು ಪೈಪಿನಲ್ಲಿ ಕೂಡುವ ನೀರು ನಿಲ್ಲದೆ ಬಾಯ್ಲರಿಗೇ ಹರಿದು ಬರಲಿ ಎಂದು ಇಳಿಜಾರನ್ನು ಎರಡೆರಡು ಸಲ ರಸಮಟ್ಟ ಇಟ್ಟು ನೋಡಿದ್ದ. ಪೈಪಿನ ಬಾಯಿ ಕಿಟಕಿಗಳಿಂದ ದೂರವಿದೆಯೇ ಎಂದು ಟೇಪು ಹಿಡಿದು ಅಳೆದಿದ್ದ. ಸ್ವಂತ ಅಕ್ಕನ ಕೆಲಸ, ಒಂದು ಕೂದಲೆಳೆ ಆಚೀಚೆ ಆಗಬಾರದು.

ಸ್ವಂತ ಅಕ್ಕನ ಕೆಲಸ ಎಂದೇ ಫಾರಂ ತುಂಬಿರಲಿಲ್ಲ.

ಅದೇ ಬಾಯ್ಲರ್ ಕೋಣೆಯ ಮೂಲೆಯಲ್ಲಿ ಮಕ್ಕಳ ಕೈಕಾಲು ತೊಳೆಸಲು ಒಂದು ಹಳೆಯ ಗ್ಯಾಸ್ ಗೀಸರ್ ಇತ್ತು. ಅದರ ಹೊಗೆ ಇಷ್ಟು ವರ್ಷ ದೊಡ್ಡ ಬಾಯ್ಲರಿನ ಚಿಮಣಿಯಲ್ಲೇ ಹೋಗುತ್ತಿತ್ತು. ಬಾಯ್ಲರ್ ಚಿಮಣಿಯನ್ನು ಬಿಸಿಯಾಗಿಡುತ್ತಿತ್ತು, ಅದರ ಬೆನ್ನು ಹತ್ತಿ ಗೀಸರಿನ ಪುಟಾಣಿ ಹೊಗೆಯೂ ಮೇಲೇರುತ್ತಿತ್ತು. ಈಗ ಆನೆ ಹೋಗುವಷ್ಟು ಅಗಲದ ಆ ಚಿಮಣಿ ತಣ್ಣಗೆ ಕೊರೆಯುತ್ತಿದೆ. ಗೀಸರಿನ ಹೊಗೆಗೆ ಅಷ್ಟೆತ್ತರ ಏರುವ ತಾಕತ್ತಿಲ್ಲ. ಏರದಿದ್ದದ್ದು ಎಲ್ಲಿಗೆ ಬರಬೇಕು?

3

ಇಲ್ಲಿ ಒಂದು ಮಾತು ಹಾಕಬೇಕು. ಮೆಕ್ಯಾನಿಕ್ ಬೇಡ ಎನ್ನುತ್ತಿದ್ದಾನೆ.

ಆ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. ಹೊಸ ಬಾಯ್ಲರ್ ಭಾರೀ ಚೆನ್ನಾಗಿದೆ ಕಣೋ ಎಂದಳು. ಮಕ್ಕಳಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು, ಹೊಟ್ಟೆ ಕೆಟ್ಟಿರಬೇಕು, ಮನೆಗೆ ಕಳಿಸಿದೆ ಎಂದಳು. ಆಮೇಲೆ ನಗುತ್ತಾ,

“ಉಳಿದವರು ಮಧ್ಯಾಹ್ನ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದಾರೆ ಗೊತ್ತಾ? ಎಬ್ಬಿಸಿದರೂ ಏಳಲ್ಲ.”

“ಇದನ್ನ ತೆಗೀರಿ,” ಎನ್ನುತ್ತಾನೆ ಮೆಕ್ಯಾನಿಕ್. “ಓದೋರಿಗೆ ಎದೆ ಝಲ್ ಅನ್ಲಿ ಅಂತ ಹಾಕಿದೀರಿ.”

ಹೌದು. ಅದಕ್ಕೇ ಹಾಕಿದ್ದು. ಆದರೆ ಅವಳು ಹೇಳಿದ್ದೂ ನಿಜ, ಅವನು ಅದಕ್ಕೆ “ಒಳ್ಳೇದಾಯ್ತು ಬಿಡು” ಎಂದದ್ದೂ ನಿಜ.

4

ಅಕ್ಕ ಫೋನ್ ಎತ್ತಲಿಲ್ಲ. ಒಂದರಿಂದ ಮೂರು ಮಕ್ಕಳು ಮಲಗುವ ಹೊತ್ತು. ಅವಳ ಫೋನೂ ಆಯಾಳ ಫೋನೂ ಸೈಲೆಂಟಿನಲ್ಲಿ ಹೊರಗಿನ ಕಪಾಟಿನಲ್ಲಿರುತ್ತವೆ. ಆ ನಿಯಮವನ್ನು ಅವನು ಎಷ್ಟೋ ಸಲ ಹೊಗಳಿದ್ದ. ಆಂಬ್ಯುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳಿದ, ಮನೆ ನಂಬರ್ ತಪ್ಪಿ ಮತ್ತೆ ಹೇಳಿದ. ವಿಷಗಾಳಿ ಅಳೆಯುವ ಮೀಟರ್ ಎತ್ತಿಕೊಂಡು ವ್ಯಾನ್ ಹತ್ತಿದ.

(ಇಲ್ಲಿ ಎರಡು ಪುಟ ಟ್ರಾಫಿಕ್ ಬರೆದಿದ್ದೆ, ಅಡ್ಡ ಬರುವ ಕಸದ ಲಾರಿ ಸಮೇತ. ಹರಿದೆ. ಅವನು ಮುಟ್ಟಿದ್ದು ಹದಿನೇಳು ನಿಮಿಷಕ್ಕೆ. ಉದ್ದಕ್ಕೂ ಸಿಗ್ನಲ್ ಹಸಿರಾಗಿಯೇ ಇತ್ತು. ಅವನಿಗೆ ಅದರಿಂದಲೂ ಸಮಾಧಾನವಾಗಲಿಲ್ಲ.)

5

ಬಾಗಿಲು ತೆಗೆದ ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಮಕ್ಕಳು ಮಲಗಿದ್ದಾರೆ ಎಂಬ ಸನ್ನೆ. ಅವನು ಅವಳನ್ನು ಹಿಂದೆ ಹಾಕಿ ನೇರ ಒಳಗೆ ನುಗ್ಗಿ ಕಿಟಕಿಗಳನ್ನೆಲ್ಲ ದಡದಡ ತೆರೆದ.

“ಎಲ್ಲರನ್ನೂ ಎತ್ತಿಕೊಂಡು ಹೊರಗೆ ನಡಿ. ಆಮೇಲೆ ಹೇಳ್ತೀನಿ.”

ಅಕ್ಕ ಹತ್ತಿರದ ಮಗುವನ್ನು ಎತ್ತಿಕೊಂಡಳು. ಒಂದೊಂದು ಕಂಕುಳಿಗೆ ಒಂದೊಂದು ಮಗುವಿನಂತೆ ಅವಳು, ಆಯಾ, ಅವನು ಸೇರಿ ಹತ್ತು ಮಕ್ಕಳನ್ನೂ ಪಕ್ಕದ ಸ್ಟೇಷನರಿ ಅಂಗಡಿಗೆ ಸಾಗಿಸಿದರು. ಕೊನೆಯ ಮಗುವನ್ನು ಎತ್ತುವಾಗ ಅವನು ಮೀಟರ್ ನೋಡಿದ. ಸೊನ್ನೆ ಇರಬೇಕಾದ ಕಡೆ, ಕಿಟಕಿ ತೆರೆದ ಮೇಲೂ ನಲವತ್ತೊಂದು. ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕಂಡರೆ ಕೂಗಬೇಕಾದ ಅಲಾರಂ ಕಾರಿಡಾರಿನ ಆ ತುದಿಯಲ್ಲಿತ್ತು. ಅಷ್ಟಕ್ಕೆಲ್ಲ ಅದು ಬಾಯಿ ಬಿಡುವುದಿಲ್ಲ. ಎತ್ತಿಕೊಂಡಿದ್ದ ಮಗು ಕಣ್ಣು ಬಿಡಲಿಲ್ಲ. ಕೆನ್ನೆ ತಟ್ಟಿದ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಅದು ಮುಖ ಸಿಂಡರಿಸಿ ಅಳತೊಡಗಿತು. ಅಳುತ್ತಿದ್ದ ಮಗುವನ್ನು ಹೊರಗೆ ತಂದು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟ.

ಆಂಬ್ಯುಲೆನ್ಸಿನ ನರ್ಸ್ ರಕ್ತದಲ್ಲಿ ಆ ಗಾಳಿ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪನ್ನು ಒಬ್ಬೊಬ್ಬರ ಬೆರಳಿಗೂ ಹಾಕಿ ನೋಡಿದಳು. ಎಂಟು ಮಕ್ಕಳಿಗೆ ಹೊರಗಿನ ಗಾಳಿ ಸಾಕು ಎಂದಳು. ಇಬ್ಬರಿಗೆ ಆಕ್ಸಿಜನ್ ಮಾಸ್ಕ್ ಹಾಕಿ ಆಸ್ಪತ್ರೆಗೆ ಕರೆದೊಯ್ದಳು, ಆಯಾ ಜೊತೆಗೆ ಹೋದಳು. ಗಾಬರಿ ಬೇಡ, ಸಂಜೆಯೊಳಗೆ ಬಿಡ್ತಾರೆ ಎಂದು ಹೇಳಿದ್ದಳು, ಹಾಗೇ ಆಯಿತು. ವಾಂತಿ ಮಾಡಿಕೊಂಡು ಮನೆಗೆ ಹೋಗಿದ್ದವಳ ಅಮ್ಮನಿಗೆ ಅಕ್ಕನೇ ಮೊದಲು ಫೋನ್ ಮಾಡಿ, ತಕ್ಷಣ ಡಾಕ್ಟರಿಗೆ ತೋರಿಸಿ ಎಂದಳು.

6

ಎಲ್ಲರೂ ಹೊರಗಿದ್ದಾರೆಂದು ಖಾತ್ರಿ ಮಾಡಿಕೊಂಡು ಅವನು ಬಾಯ್ಲರ್ ಕೋಣೆಯಲ್ಲಿ ಗೀಸರ್ ಹಚ್ಚಿದ. ಬೆಂಕಿಕಡ್ಡಿ ಗೀಚಿ, ಆರಿಸಿ, ಅದರ ಹೊಗೆಯನ್ನು ಗೀಸರಿನ ನೆತ್ತಿಗೆ ಹಿಡಿದ. ಮೇಲಕ್ಕೆ ಹೋಗಬೇಕಾದ ಹೊಗೆ ಬಾಗಿ ಅವನ ಮುಖಕ್ಕೇ ಬಂತು. ಗೀಸರ್ ಆರಿಸಿ, ಗ್ಯಾಸಿನ ವಾಲ್ವ್ ತಿರುಗಿಸಿ ಬಂದ್ ಮಾಡಿದ.

ಹಿಂದಿನಿಂದ ಪರಪರ ಸದ್ದಾಯಿತು. ಮಕ್ಕಳನ್ನು ಅಂಗಡಿಯವರಿಗೆ ಒಪ್ಪಿಸಿ ಬಂದಿದ್ದ ಅಕ್ಕ ನೆಲಕ್ಕೆ ಕೂತು ಬಾಗಿಲ ಕೆಳಗಿನ ಗಾಳಿಕಿಂಡಿಯಿಂದ ಮಡಚಿದ ರಟ್ಟೊಂದನ್ನು ಎಳೆಯುತ್ತಿದ್ದಳು. ಗೀಸರಿಗೆ ಉರಿಯಲು ಬೇಕಾದ ಗಾಳಿ ಒಳಗೆ ಬರಲೆಂದೇ ಬಿಟ್ಟಿದ್ದ ಕಿಂಡಿ.

“ನಾನೇ ತುರುಕಿದ್ದು,” ಎಂದಳು. “ಶುಕ್ರವಾರ. ಮಕ್ಕಳ ಕಾಲಿಗೆ ತಣ್ಣಗೆ ಹೊಡೀತಿತ್ತು.”

ಅರೆಗಳಿಗೆ ಅವನಿಗೆ ಹಗುರವೆನಿಸಿತು. ತಪ್ಪು ನನ್ನದಲ್ಲ. ಮರುಗಳಿಗೆಯಲ್ಲಿ, ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ ಅಕ್ಕನ ಮುಖ ನೋಡಲಾಗಲಿಲ್ಲ.

ನನಗೂ ಈ ರಟ್ಟು ಅನುಕೂಲದ್ದೇ. ಎಲ್ಲವನ್ನೂ ಅದರ ತಲೆಗೆ ಕಟ್ಟಿ ಕಥೆ ಮುಗಿಸಬಹುದಿತ್ತು. ಹಾಗೆ ಒಂದು ಪ್ಯಾರಾ ಬರೆದೂ ಆಗಿತ್ತು.

“ಕಿಂಡಿ ತೆಗೆದೇ ಇದ್ದರೂ ಆ ಚಿಮಣಿಯಲ್ಲಿ ಹೊಗೆ ವಾಪಸ್ ಬರ್ತಿತ್ತು,” ಎಂದ ಮೆಕ್ಯಾನಿಕ್. ಇದನ್ನು ಅವನು ಅಕ್ಕನಿಗೂ ಹೇಳಿದ, ನನಗೂ ಹೇಳಿದ. ಪ್ಯಾರಾ ಹೊಡೆದುಹಾಕಿದೆ.

7

ಕೊನೆಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಅಕ್ಕ, ತಮ್ಮ ಇಬ್ಬರೂ ಸುಮ್ಮನಿದ್ದುಬಿಡುತ್ತಾರೆ. ಗ್ಯಾಸ್ ಸ್ವಲ್ಪ ಲೀಕ್ ಆಗಿತ್ತು ಎಂದು ಅಪ್ಪ ಅಮ್ಮಂದಿರಿಗೆ ಹೇಳುತ್ತಾರೆ. (ಅಕ್ಕ ಈ ಸಾಲನ್ನು ಓದಿ ಕಾಗದವನ್ನು ನನ್ನ ಕಡೆ ತಳ್ಳಿದಳು.)

ಆ) ತಮ್ಮ ಗೀಸರಿಗೆ ಸರಿಯಾದ ಅಳತೆಯ ಹೊಸ ಹೊಗೆಪೈಪು ಹಾಕಿ, ಅಲಾರಂ ಮಲಗುವ ಕೋಣೆಗೆ ತಂದು, ಫಾರಂ ತುಂಬಿ ಸಹಿ ಹಾಕುತ್ತಾನೆ. ಇದು ನಡೆಯಿತು, ಆ ವಾರವೇ. ಆದರೆ ಇದನ್ನು ಕೊನೆ ಎಂದರೆ ಅವನು ಒಪ್ಪುವುದಿಲ್ಲ. ಈಗಲೂ ಕೆಲಸಕ್ಕೆ ಹೋದ ಕಡೆಯೆಲ್ಲ ಅರ್ಧ ದಾರಿಯಿಂದ ವಾಪಸ್ ಬಂದು ಮತ್ತೊಮ್ಮೆ ಕಡ್ಡಿ ಗೀಚಿ ನೋಡುತ್ತಾನೆ.

ಇ) ಆ ಮಂಗಳವಾರ ಎರಡೂವರೆಗೆ ಅಕ್ಕ ಸ್ಟೇಷನರಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೆಸರಿನ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡುತ್ತಾಳೆ. ನಾನು ಹೇಳ್ತೀನಿ ಕೊಡು ಎಂದು ತಮ್ಮ ಕೇಳಿದರೆ ಕೊಡುವುದಿಲ್ಲ. ನನ್ನ ಹತ್ತಿರ ಬಿಟ್ಟುಹೋದ ಮಕ್ಕಳು ಎನ್ನುತ್ತಾಳೆ. ಕೆಲವರು ಅಳುತ್ತಾರೆ, ಒಬ್ಬರು ಫೋನ್ ಇಟ್ಟು ಹೊರಟು ಬರುತ್ತಾರೆ. ಏಳನೆಯ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾಳೆ. ಅಕ್ಕ ಆಗ ಮಾತ್ರ ಫೋನನ್ನು ತಮ್ಮನ ಕೈಗಿಡುತ್ತಾಳೆ.

“ಇವತ್ತು ಮಾತ್ರವಾ, ಇಲ್ಲಾ ಶುಕ್ರವಾರದಿಂದಲೂ ಹೀಗೇನಾ?”

ಮೀಟರಿಗೆ ಈ ಹೊತ್ತಿನದು ಮಾತ್ರ ಗೊತ್ತು. ಶುಕ್ರವಾರ ಎಷ್ಟಿತ್ತು, ಸೋಮವಾರ ಮಧ್ಯಾಹ್ನ ಮಕ್ಕಳು ಏನನ್ನು ಉಸಿರಾಡುತ್ತ ಮಲಗಿದ್ದರು, ಹೇಳುವುದಕ್ಕೆ ಅಲ್ಲಿ ಯಾವ ಯಂತ್ರವೂ ಇರಲಿಲ್ಲ. ಬರೆಯುವವರು ನೀವೇ, ಒಂದು ದಿನ ಆರಿಸಿ ಬರೆದುಬಿಡಬಹುದು ಎಂದು ನೀವು ಅನ್ನಬಹುದು. ನಾನು ಆರಿಸುವುದಿಲ್ಲ. ಅದು ಅವಳ ಮಗು.

“ಗೊತ್ತಿಲ್ಲ ಮೇಡಂ,” ಎಂದ ಅವನು.

ಆ ತಾಯಿ ಫೋನ್ ಇಟ್ಟಿಲ್ಲ. ಅವನೂ ಇಟ್ಟಿಲ್ಲ.