ಚಿಲಕದ ಹಾಡು

ಅಣ್ಣ ತನ್ನ ಮೇಲೆ ಕಟ್ಟಿದ ಹಾಡಿಗೆ ಆಯೆಶಾ ಒಪ್ಪಿದ್ದೇ ಒಂದು ಮಾತಿನ ಮೇಲೆ: ಎಲ್ಲಿ ಬೇಕಾದರೂ ಹಾಡು, ಭಾಲ್ಕಿಯಲ್ಲಿ ಮಾತ್ರ ಬೇಡ. ಭಾಲ್ಕಿ ಅವಳ ಗಂಡನಾಗಿದ್ದ ಅರ್ಬಾಜನ ಊರು. ಅವಳನ್ನು ಹೊಡೆದು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದ ಮಹಾನುಭಾವ ಅವನು. ತಲಾಖಾಗಿ ಬೀದರಿನ ತವರಿಗೆ ಬಂದ ಮೇಲೂ ಚಿಲಕ ಸಪ್ಪಳಾದರೆ ಅವಳು ನಡುಗುತ್ತಿದ್ದಳು. ಅಣ್ಣ ಮುಬಶ್ಶೀರ ಅದನ್ನೇ ಹಾಡು ಮಾಡಿದ:

"ಬೆನ್ನಿನ ಗಾಯ ಮಾಯ್ದಾವ, ಚಿಲಕದ ಸಪ್ಪಳ ಮಾಯವಲ್ದು."

ನೌಬಾದದ ಒಂದು ಕೋಣೆಯಲ್ಲಿ ಅವನ ರಾಕ್ ಬ್ಯಾಂಡು. ಹಾಡು, ಗಿಟಾರು ಅವನದು; ಕಪಿಲನ ಬೇಸ್ ಗಿಟಾರು, ನಾಗಸೇನನ ಡ್ರಮ್ಮು. ತಪ್ಪು ಆದದ್ದು ಅಲ್ಲೇ. ಚಿಕ್ಕಂದಿನಲ್ಲಿ ಆಯೆಶಾ ಮದುವೆ ಬರಾತಿನ ಮುಂದೆ ಮರ್ಫಾ ಡೋಲಿನ ಬಡಿತಕ್ಕೆ ಕುಣಿಯುತ್ತಿದ್ದಳೆಂದು ನಾಗಸೇನ ಪ್ರೀತಿಯಿಂದ ಹಾಡಿಗೆ ಅದೇ ಮರ್ಫಾ ಹಾಕಿದ. ಮರ್ಫಾ ಕಿವಿಗೆ ಬಿದ್ದ ಮೇಲೆ ಈ ಸೀಮೆಯಲ್ಲಿ ಹಾಡಿನ ಮಾತು ಯಾರಿಗೆ ಬೇಕು?

ಔರಾದಿನ ಡಿಜೆಯೊಬ್ಬ ಅದನ್ನು ಡಾಬಕಾದ ಮದುವೆಯಲ್ಲಿ ಹಾಕಿದ. ಮುಗಿಯಿತು, ಹಾಡು ಕೈಬಿಟ್ಟು ಹೋಯಿತು. ಕಮಠಾಣದವರೆಗೂ ಯಾವ ಮೆರವಣಿಗೆ ನೋಡಿದರೂ ಅದೇ. ರೀಲ್ಸಿನಲ್ಲಿ ಸ್ಟೆಪ್ಪೂ ಹುಟ್ಟಿತು: ಬೆನ್ನು ಬಗ್ಗಿಸಿ, ಗಾಳಿಯಲ್ಲಿ ಚಿಲಕ ಎಳೆಯುವುದು. ಅದೂ ಹಲ್ಲು ಕಿರಿಯುತ್ತಾ! ಉಂಡು ಕೈ ಒರೆಸಿಕೊಂಡ ಅಜ್ಜಂದಿರೂ ಎಳೆದರು. ಮುಬಶ್ಶೀರನಿಗೆ ನೋಡಿ ಹೇಸಿಗೆಯಾಗುತ್ತಿತ್ತು. ಆದರೂ ಕರೆದಲ್ಲಿಗೆ ಹೋಗುತ್ತಿದ್ದ. ಹೆಸರಿನ ರುಚಿ ಹತ್ತಿತ್ತು.

ಕಪಿಲ ಭಾಲ್ಕಿಯ ಮದುವೆಯೊಂದನ್ನು ಒಪ್ಪಿಕೊಂಡು ಬಂದ.

"ತಂಗಿಗಿ ಮಾತ ಕೊಟ್ಟೇನಿ, ನಾ ಬರಂಗಿಲ್ಲ," ಎಂದ ಮುಬಶ್ಶೀರ.

"ಆ ಹಾಡ ಒಂದ ಬಿಡೂಣಪಾ. ಬ್ಯಾರೆ ಹಾಡೂಣು."

ಹೋದರು. ಭಾಲ್ಕಿಯಲ್ಲಿ ಬೇರೆ ಹಾಡುಗಳಿಗೆ ಜನ ಕುರ್ಚಿ ಬಿಟ್ಟು ಏಳಲಿಲ್ಲ. "ಚಿಲಕ! ಚಿಲಕ!" ಎಂದು ಹಾಲ್ ತುಂಬಾ ಒದರಾಟ. ಮದುಮಗನ ತಂದೆ ಮಡೆಪ್ಪ ಸ್ಟೇಜಿಗೇ ಬಂದ. "ಹಾಡ್ರಿ ಮತ್ತ. ನಿಮ್ಮನ್ನ ಕರಸಿದ್ದೇ ಅದಕ್ರಿ." ಮುಬಶ್ಶೀರ ಕಪಿಲನ ಮುಖ ನೋಡಿದ, ತಂಗಿಗೆ ಕೊಟ್ಟ ಮಾತು ಮುರಿದು ಹಾಡಿದ.

ಹಾಡಿನ ಎರಡನೇ ಸಾಲಿಗೆ ಅರ್ಬಾಜ ಕಂಡ. ಮದುಮಗನ ಗೆಳೆಯರ ನಡುವೆ, ಬೆವರು ಸುರಿಸುತ್ತಾ, ಚಿಲಕ ಎಳೆಯುತ್ತಿದ್ದ. ಬೇರೆಯವರದು ಅಂದಾಜಿನ ಎಳೆತ, ಇವನದು ರೂಢಿಯದು.

ಗಿಟಾರು ನಿಂತಿತು. "ಈ ಹಾಡ ನನ್ನ ತಂಗೀದ್ರಿ," ಎಂದು ಮುಬಶ್ಶೀರ ಮೈಕಿನಲ್ಲಿ ಕೂಗಿದ. "ಆಕಿನ್ನ ಬಡದು ಚಿಲಕ ಹಾಕಿದಾಂವ ಇವನೇ ನೋಡ್ರಿ, ಅರ್ಬಾಜ! ಇಲ್ಲೇ ಕುಣೀಲಿಕತ್ತಾನ!"

ಹಾಲ್ ಗಪ್ಪಾಯಿತು. ಅಷ್ಟು ಹೊತ್ತು ಮುಬಶ್ಶೀರ ಜನರನ್ನು ನಂಬಿದ.

ಆಮೇಲೆ ಶಿಳ್ಳೆ ಬಿದ್ದವು. ಹುಡುಗರು ಅರ್ಬಾಜನನ್ನು ಹೆಗಲ ಮೇಲೆ ಎತ್ತಿಕೊಂಡರು. "ಚಿಲಕ ಭಾಯ್! ಒನ್ಸ್ ಮೋರ್!" ಅವನು ಮೇಲಿನಿಂದಲೇ ಸುತ್ತಲೂ ಸಲಾಂ ಹೊಡೆದ. ಬ್ಯಾಂಡು ಸುಮ್ಮನಿದ್ದರೇನು, ಎಲ್ಲರಿಗೂ ಬಾಯಿಪಾಠ. ಆಯೆಶಾಳ ನೋವನ್ನು ಒಂದಕ್ಷರ ತಪ್ಪದೆ ಹಾಡಿದರು.

"ಥೂ!" ಎಂದ ಮುಬಶ್ಶೀರ.

ಮೈಕು ಚಾಲೂ ಇತ್ತು. ಮುಂದಿನ ಸಲ ಚಿಲಕದ ಸಾಲು ಬಂದಾಗ, ಜನ ಚಪ್ಪಾಳೆಯ ಬಡಿತಕ್ಕೆ ಸರಿಯಾಗಿ "ಥೂ! ಥೂ!" ಸೇರಿಸಿಕೊಂಡು ಕುಣಿದರು.