ಶಾಖಮಾಪಕದ ಮೇಲಿನ ಟವೆಲ್

ನಾನು ನೋಡಲಿಲ್ಲ, ಆದ್ದರಿಂದ ತಪ್ಪು ನನ್ನದಲ್ಲ ಎಂದು ನೀವು ಈವರೆಗೆ ಎಷ್ಟು ಸಲ ಕೈತೊಳೆದುಕೊಂಡಿದ್ದೀರಿ? ಉತ್ತರಕ್ಕೆ ಅವಸರ ಬೇಡ. ಮೊದಲು ಉಪದೇಶಿಯ ಕಥೆ ಕೇಳಿ.

ಉಪದೇಶಿ ಎಂಬುದು ಆಸ್ಪತ್ರೆಯವರಿಟ್ಟ ಅಡ್ಡಹೆಸರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುವ ಈತ, ಉಳಿದ ದಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ ಚಿಮಟಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಯಂತ್ರದ ಮೇಲ್ವಿಚಾರಕ. ಶಾಖ ನೂರಿಪ್ಪತ್ತೊಂದು ಡಿಗ್ರಿ ಮುಟ್ಟಲೇಬೇಕು. ಎಷ್ಟು ಏರಿತೆಂಬುದನ್ನು ಮಾಪಕದ ಕೆಂಪು ಮುಳ್ಳು ಯಂತ್ರ ಆರಿದ ಮೇಲೂ ಅಲ್ಲಿಯೇ ನಿಂತು ತೋರಿಸುತ್ತದೆ. ತಿಂಗಳಿಂದ ಬಾಗಿಲಿನ ರಬ್ಬರು ಸವೆದು ಹಬೆ ಸೋರುತ್ತಿತ್ತು. ದೂರು ಬರೆದರೆ ಯಂತ್ರ ನಿಲ್ಲುತ್ತದೆ, ಮೇಲಿನವರು ಮುಖ ಸಿಂಡರಿಸುತ್ತಾರೆ, ಉತ್ತಮ ನೌಕರನ ಪ್ರಶಸ್ತಿ ಕೈತಪ್ಪುತ್ತದೆ. ಆದ್ದರಿಂದ ಈ ಮಹಾನುಭಾವ ಮಾಪಕದ ಮೇಲೊಂದು ನೀಲಿ ಟವೆಲ್ ನೇತುಹಾಕಿದ. ಕೇಳಿದವರಿಗೆ, ನೀರು ತೊಟ್ಟಿಕ್ಕದಿರಲೆಂದು ಅಂದ.

ಅವನ ತರ್ಕವೂ ಅವನ ಮೀಸೆಯಂತೆ ಒಪ್ಪಓರಣ. ಆತ್ಮವನ್ನೇ ಕೊಲ್ಲುವ ಮಾರಕ ಪಾಪವೆನಿಸಲು ವಿಷಯ ಘೋರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಸಾರೆ ಸಮ್ಮತಿಯಿರಬೇಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ಅವನೇ ತಾನೆ? ಮುಳ್ಳು ಕಾಣದ ಮೇಲೆ ಅರಿವೆಲ್ಲಿ? ಅರಿವಿಲ್ಲದ ಮೇಲೆ ಪಾಪವೆಲ್ಲಿ? ದೇವರು ಕೊಟ್ಟ ಸ್ವತಂತ್ರ ಮನಸ್ಸನ್ನು ಈತ ಇಷ್ಟಕ್ಕೆ ಬಳಸಿದ.

ಒಂದು ಸೋಮವಾರ ಬೆಳಿಗ್ಗೆ ನಾಲ್ವರಿಗೆ ಶಸ್ತ್ರಚಿಕಿತ್ಸೆ. ಯಂತ್ರದಿಂದ ಕತ್ತರಿ ಚಿಮಟ ತುಂಬಿದ ನಾಲ್ಕು ಡಬ್ಬಿ ಇಳಿದವು. ಒಂದರ ಚೀಟಿಯಲ್ಲಿ ಅವನ ಅಕ್ಕನ ಹೆಸರಿತ್ತು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆ.

"ಇದೊಂದನ್ನ ಹೆರಿಗೆ ವಾರ್ಡಿನ ಚಿಕ್ಕ ಮಷೀನಿಗೆ ಹಾಕಿಸ್ಕೊಂಡು ಬಾ," ಎಂದ, ಡಬ್ಬಿ ಹೊರುವ ಮುದುಕಿಗೆ.

"ಯಾಕಪ್ಪ, ಇದಕ್ಕೇನಾಗಿದೆ?"

"ಏನಿಲ್ಲ. ಸುಮ್ನೆ."

"ಸುಮ್ನೆ ಆದ್ರೆ ನಾಲ್ಕನ್ನೂ ಹಾಕಿಸ್ತೀನಿ."

"ಅಷ್ಟು ಹೊತ್ತಿಲ್ಲ ಕಣಮ್ಮ. ಇದೊಂದೇ ಸಾಕು, ನಮ್ಮಕ್ಕಂದು."

"ಓಹೋ. ಉಳಿದ ಮೂರು ಯಾರ ಅಕ್ಕಂದಿರದ್ದೂ ಅಲ್ವೋ?"

"ನಂಗೇನು ಗೊತ್ತು? ನಾನು ಮುಳ್ಳು ನೋಡೇ ಇಲ್ಲ."

"ನೋಡದೆ ಇರೋನಿಗೆ ಅಕ್ಕನ ಡಬ್ಬಿ ಸರಿಯಾಗಿ ಬೆಂದಿಲ್ಲ ಅಂತ ಹೇಗಪ್ಪ ಗೊತ್ತಾಯ್ತು? ಮೂಸಿ ನೋಡಿದ್ಯಾ?"

ಮುದುಕಿ ಟವೆಲ್ ಎಳೆದಳು. ನಲವತ್ತೆಂಟು ವರ್ಷದ ಆ ಗಂಡಸು, ನಂಬಿದರೆ ನಂಬಿ, ಎರಡೂ ಕಣ್ಣು ಮುಚ್ಚಿಕೊಂಡ.

"ನೂರಾ ಆರು," ಎಂದು ಆಕೆ ಓದಿದಳು. "ಕೇಳಿಸ್ತಾ, ಇಲ್ಲ ಕಿವಿಗೂ ಒಂದು ಟವೆಲ್ ತರ್ಲಾ?"

ಗೋಡೆಯ ಫೋನೆತ್ತಿ ಅವನತ್ತ ಚಾಚಿದಳು. "ಡಾಕ್ಟರಿಗೆ ನೀನೇ ಹೇಳು."

ಕೈಯಳತೆಯಲ್ಲಿತ್ತು ಫೋನು. ಅವನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟ. ಕೊನೆಗೆ ಮುದುಕಿಯೇ ಮಾತಾಡಿದಳು. ನಾಲ್ಕೂ ಶಸ್ತ್ರಚಿಕಿತ್ಸೆ ನಿಂತವು. ವಿಚಾರಿಸಲು ಬಂದ ಅಧಿಕಾರಿಗೆ ಉಪದೇಶಿ, "ರಬ್ಬರು ಇವತ್ತೇ ಕಿತ್ತುಹೋಯ್ತು ಸಾರ್," ಎಂದ. ಸೋರಿಕೆ ಯಾವಾಗ ಶುರುವಾಯಿತೆಂಬುದು ಅವನೊಬ್ಬನಿಗೇ ಗೊತ್ತಿತ್ತು. ಆ ತಿಂಗಳು ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದವರಿಗೆ ಗೊತ್ತಿರಲಿಲ್ಲ.

ಶನಿವಾರ ಪಾಪನಿವೇದನೆಗೆ ಹೋಗಿ, ಅರಿವಿಲ್ಲದೆ ಒಂದು ಲೋಪವಾಯಿತು ಫಾದರ್, ಎಂದು ಶುರುಮಾಡಿ ಎಲ್ಲ ಹೇಳಿದ.

ಜಾಲರಿಯ ಆಚೆಯಿಂದ ಗುರುಗಳು ಕೇಳಿದರು: "ಆ ಟವೆಲ್ ತಾನಾಗೇ ಹಾರಿ ಬಂತೇನಪ್ಪ? ಕಾಣದ ಹಾಗೆ ಮುಚ್ಚೋದಕ್ಕೆ ಮೊದಲು ಕಾಣಬೇಕು. ಅರಿವೂ ನಿಂದೇ, ಆಯ್ಕೆನೂ ನಿಂದೇ. ಸೋರಿಕೆ ಶುರುವಾದ ದಿನ ಯಾವುದು ಅಂತ ಆಸ್ಪತ್ರೆಗೆ ಹೇಳ್ತೀಯಾ? ಆಮೇಲೆ ಆಪರೇಷನ್ ಆದೋರನ್ನೆಲ್ಲ ಕರೆಸಿ ಪರೀಕ್ಷೆ ಮಾಡ್ಲಿ. ಅಷ್ಟು ಮನಸ್ಸಿದ್ರೆ ಈಗ್ಲೇ ಪಾಪಕ್ಷಮೆ ಕೊಡ್ತೀನಿ."

ಉಪದೇಶಿ ಎದ್ದು, ಮೊಣಕಾಲಿನ ಧೂಳು ಕೊಡವಿ, ಸೀದಾ ಬಸ್ಸು ಹತ್ತಿದ. ಊರಿನ ಆಚೆ ತುದಿಯ ಚರ್ಚಿನಲ್ಲಿ ಕಿವಿ ಮಂದವಾದ ಗುರುಗಳೊಬ್ಬರಿದ್ದಾರೆಂದು ಅವನು ಕೇಳಿದ್ದ.

ಅವನನ್ನು ಬಿಡಿ. ನಿಮ್ಮ ಕೆಲಸದ ಕೋಣೆಯಲ್ಲೂ ಯಾವುದೋ ಮುಳ್ಳಿನ ಮೇಲೆ ಏನೋ ನೇತಾಡುತ್ತಿದೆ. ಎಲ್ಲಿ ಎಂಬುದು ನಿಮಗೆ ಗೊತ್ತು. ನಾಳೆ ಬೆಳಿಗ್ಗೆ ಹೋದೊಡನೆ ಅದನ್ನು ಕೈಯಾರೆ ಎಳೆದುಹಾಕಿ, ಕೆಳಗಿರುವ ಅಂಕಿಯನ್ನು ಪಕ್ಕದವರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ.