ಹನುಮಕ್ಕನ ಬೆರಳು ಒಪ್ಪದ ಬಾಗಿಲು

ಬಸವೇಶ್ವರನಗರದ ಹನುಮಕ್ಕನಿಗೂ ಅವರ ಮನೆಯ ಮುಂಬಾಗಿಲಿಗೂ ಮೂರು ತಿಂಗಳಿಂದ ಆಗಿಬರುತ್ತಿರಲಿಲ್ಲ. ಮಗ ಮೋಹನ್ ಕುಮಾರ್ ಹಳೇ ಬೀಗ ಕಿತ್ತು, ಬೆರಳಿಟ್ಟರೆ ತೆರೆಯುವ ಸ್ಮಾರ್ಟ್ ಲಾಕ್ ಹಾಕಿಸಿದ್ದೇ ತಡ, ತಾಪತ್ರಯ ಶುರುವಾಯಿತು. ಮಗ ಬೆರಳಿಟ್ಟರೆ ಟಿಣ್ ಅಂತ ತೆರೆಯುತ್ತದೆ. ಸೊಸೆ ಕುಸುಮಾ ಇಟ್ಟರೂ ತೆರೆಯುತ್ತದೆ. ಹನುಮಕ್ಕ ಇಟ್ಟರೆ ಮಾತ್ರ ಕೆಂಪು ದೀಪ ಹತ್ತಿಸಿಕೊಂಡು ಗುರ್ ಅನ್ನುತ್ತದೆ.

ರಾಗಿ ಹೊಲದಲ್ಲಿ ಕಳೆ ಕಿತ್ತು, ಬೂದಿ ಹಾಕಿ ಪಾತ್ರೆ ತಿಕ್ಕಿ, ನಲವತ್ತು ವರ್ಷ ದುಡಿದ ಕೈ ಅದು. ಬೆರಳಿನ ಗೆರೆಗಳೇ ಸವೆದುಹೋಗಿವೆ. ಆದರೆ ಹನುಮಕ್ಕ ಇದನ್ನು ಯಾರಿಗೂ ಹೇಳಿರಲಿಲ್ಲ. ತರಕಾರಿ ತಂದು ಒಳಗೆ ಹೋಗಲಾಗದೆ ಮೆಟ್ಟಿಲ ಮೇಲೆ ಕೂತಿದ್ದಾಗ ಸೊಸೆ ಬಂದು ಕೇಳಿದರೆ, "ಸುಮ್ನೆ ಗಾಳಿಗೆ ಕೂತಿದ್ದೆ ಕಣಮ್ಮ" ಅನ್ನುತ್ತಿದ್ದರು. ಪಾಪ, ಹೇಳಿಕೊಳ್ಳಲು ನಾಚಿಕೆ.

ಹಾಗಂತ ಬಾಗಿಲೊಂದೇ ಅಲ್ಲ. ಹಾಲ್‌ನಲ್ಲಿ ಮಾತು ಕೇಳಿ ಲೈಟ್ ಹಾಕುವ ಒಂದು ಡಬ್ಬಿ ಇತ್ತು. "ಲೈಟ್ ಹಾಕವ್ವಾ ತಾಯಿ" ಎಂದು ಹನುಮಕ್ಕ ಎಷ್ಟು ಮರ್ಯಾದೆಯಿಂದ ಕೇಳಿದರೂ ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿತ್ತು. ಬೇಸತ್ತು ಗೋಡೆಯ ಸ್ವಿಚ್ ಒತ್ತಿದರೆ ಮಗ ಕೂಗುತ್ತಿದ್ದ, "ಅಮ್ಮಾ, ಅದನ್ನ ಮುಟ್ಬೇಡಮ್ಮ, ಬಲ್ಬ್ ಕನೆಕ್ಷನ್ ಹೋಗುತ್ತೆ!"

ಒಂದು ಶುಕ್ರವಾರ ನಲ್ಲಿ ನೀರು ತಡವಾಗಿ ಬಂತು. ಮಗ ಸ್ಕೂಟರ್ ಹತ್ತಿ ಪೀಣ್ಯಕ್ಕೆ ಹೊರಟಾಗಿತ್ತು, ಸೊಸೆ ಕ್ಲಿನಿಕ್ ಡ್ಯೂಟಿಗೆ ಹೋಗಿದ್ದಳು. ಹನುಮಕ್ಕ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲಿಟ್ಟು, ಎರಡೂವರೆ ವರ್ಷದ ಮೊಮ್ಮಗಳು ಧನ್ಯಶ್ರೀಯ ಮುಂದೆ ಆಟದ ಸಾಮಾನು ಸುರಿದು ಹೊರಗೆ ಬಂದರು. ಹೊಸ್ತಿಲು ತೊಳೆದು ಅರಿಶಿನ ಬಳಿದರು. ಬಾಗಿಲನ್ನು ಹಾಗೇ ತೆರೆದಿಟ್ಟು, ಬಗ್ಗಿ ರಂಗೋಲಿ ಇಡತೊಡಗಿದರು. ಶುಕ್ರವಾರದ ರಂಗೋಲಿ ಅಂದರೆ ಕೇಳಬೇಕೆ, ಅರ್ಧ ಬೀದಿಗೆ ಬರುತ್ತದೆ.

ಅಷ್ಟರಲ್ಲಿ ಗಾಳಿ ಬೀಸಿತು. ಬಾಗಿಲು ಧಡ್ ಅಂತ ಮುಚ್ಚಿತು. ಮರುಕ್ಷಣ ಲಾಕ್ ತಾನಾಗಿಯೇ ಬಿತ್ತು.

ಹನುಮಕ್ಕ ಬಾಗಿಲಿಗೆ ಓಡಿದರು. ಮಗು ಒಳಗೆ, ಹಾಲು ಒಲೆಯ ಮೇಲೆ, ಫೋನ್ ಚಾರ್ಜಿಗೆ. ರಂಗೋಲಿ ಪುಡಿ, ಅರಿಶಿನ ಮೆತ್ತಿದ ಬೆರಳನ್ನೇ ಲಾಕ್ ಮೇಲೆ ಒತ್ತಿದರು. ಕೆಂಪು ದೀಪ. ಮತ್ತೆ ಒತ್ತಿದರು. ಮತ್ತೆ ಕೆಂಪು. ಒಳಗೆ ಮಗು "ಅಜ್ಜೀ" ಎಂದು ಅಳತೊಡಗಿತು. ಒಳಗಿನ ಹಿಡಿ ಅದರ ಕೈಗೆ ಎಟುಕುವುದಿಲ್ಲ.

"ಯಾರಾದ್ರೂ ಬನ್ರಪ್ಪೋ!"

ಮಹಡಿ ಮೇಲೆ ಬಾಡಿಗೆಗಿದ್ದ ಗದಗಿನ ಶೈಲಾ ಓಡಿಬಂದಳು. ಇಂಥ ಸ್ಮಾರ್ಟ್ ಲಾಕ್ ಮಾರುವ ಅಂಗಡಿಯೊಂದರಲ್ಲಿ ಗ್ರಾಹಕರ ದೂರು ಕೇಳುವುದೇ ಅವಳ ಕೆಲಸ.

"ಏನಾತ್ರೀ ಅಮ್ಮಾರ?"

"ಮಗು ಒಳಗೈತೆ ಕಣವ್ವಾ! ಒಲೆ ಮೇಲೆ ಹಾಲೈತೆ!"

"ಮೊದಲ ಒತ್ತೂದು ಬಿಡ್ರಿ! ಐದು ಸಲ ತಪ್ಪಾದ್ರ ಅದು ಮೂರು ನಿಮಿಷ ಬಾಯಿನ ತಗಿಯಂಗಿಲ್ಲ. ಸಿಲಿಂಡರ್ ಎಲ್ಲೈತ್ರೀ?"

ಸಿಲಿಂಡರ್ ಮನೆಯ ಪಕ್ಕದ ಓಣಿಯಲ್ಲಿತ್ತು. ಪೈಪು ಗೋಡೆ ತೂರಿ ಒಳಗೆ ಹೋಗಿತ್ತು. ಹನುಮಕ್ಕ ಬಿದ್ದಂಬೀಳ ಓಡಿ ರೆಗ್ಯುಲೇಟರ್ ತಿರುಗಿಸಿದರು. ಅಡುಗೆಮನೆ ಕಿಟಕಿಯಿಂದ ಆಗಲೇ ಗ್ಯಾಸಿನ ವಾಸನೆ ಬರುತ್ತಿತ್ತು. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಗಾಬರಿಯಲ್ಲಿ ಕಾಲಿಂಗ್ ಬೆಲ್ ಒತ್ತಲು ಹೋದವರ ಕೈಯನ್ನು ಶೈಲಾ ಹಿಡಿದುಕೊಂಡಳು.

"ಬೆಲ್ ಮುಟ್ಟಬ್ಯಾಡ್ರಿ! ಗ್ಯಾಸ್ ತುಂಬಿದಾಗ ಒಂದ್ ಕಿಡಿ ಸಾಕು. ಕೀಲಿ ಎಲ್ಲಿಟ್ಟೀರಿ?"

"ಲಾಕ್ ಜೊತೆ ಬಂದಿದ್ದ ಕೀನ ನನ್ ಮಗ ಭದ್ರವಾಗಿ ಇಟ್ಟವ್ನೆ."

"ಎಲ್ಲಿ?"

"ಒಳಗೆ. ಬೀರುವಿನಲ್ಲಿ."

ಶೈಲಾ ಹಣೆ ಚಚ್ಚಿಕೊಂಡಳು. ಗಾಳಿ ಆಡಲೆಂದು ಅಡುಗೆಮನೆ ಕಿಟಕಿಯನ್ನು ಹೊರಗಿನಿಂದ ಪೂರ್ತಿ ಎಳೆದು ತೆಗೆದು, ದೂರ ಸರಿದು ಕುಸುಮಾಗೆ ಫೋನ್ ಮಾಡಿದಳು. ಬೆರಳಿನ ಬದಲು ಒತ್ತಿ ಲಾಕ್ ತೆಗೆಯುವ ನಂಬರ್ ಅವಳಿಗೂ ಗೊತ್ತಿರಲಿಲ್ಲ. ಮೋಹನ್ ಕುಮಾರ್ ಗಾಡಿ ಓಡಿಸುತ್ತಿದ್ದ, ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಒಳಗಿನ ಅಳು ಇದ್ದಕ್ಕಿದ್ದಂತೆ ನಿಂತಿತು. ಹನುಮಕ್ಕ ರಂಗೋಲಿಯ ಮೇಲೇ ಕುಸಿದು ಕೂತರು.

ಮೂರನೇ ಸಲಕ್ಕೆ ಅವನು ಎತ್ತಿದ. ವಿಷಯ ಕೇಳಿ, "ಇರಿ, ಇಲ್ಲಿಂದ್ಲೇ ಆಪ್‌ನಲ್ಲಿ ತೆಗೀತೀನಿ" ಅಂದ. ಆಪ್ ಸುತ್ತುತ್ತಲೇ ಇತ್ತು.

"ಆಪ್ ಬಿಡ್ರಿ ಸರ, ನಂಬರ್ ಹೇಳ್ರಿ!" ಎಂದು ಶೈಲಾ ಕಿರುಚಿದಳು.

ನಂಬರ್ ಒತ್ತಿದ ಕೂಡಲೇ ಬಾಗಿಲು ತೆರೆಯಿತು. ಮಗು ಬಾಗಿಲ ಹಿಂದೆಯೇ ಬೆಪ್ಪಾಗಿ ನಿಂತಿತ್ತು. ಅಜ್ಜಿಯನ್ನು ಕಂಡು ಮತ್ತೆ ಅಳಲು ಶುರುಮಾಡಿತು. ಆ ಅಳುವಿನಷ್ಟು ಹಿತವಾದ ಸದ್ದನ್ನು ಹನುಮಕ್ಕ ಜನ್ಮದಲ್ಲಿ ಕೇಳಿರಲಿಲ್ಲ. ಶೈಲಾ ಒಂದು ಸ್ವಿಚ್ಚೂ ಮುಟ್ಟದೆ ಕಿಟಕಿಗಳನ್ನೆಲ್ಲ ತೆಗೆದಳು.

ಅರ್ಧ ಗಂಟೆಯಲ್ಲಿ ಮೋಹನ್ ಕುಮಾರ್ ಬೆವರು ಸುರಿಸುತ್ತಾ ಬಂದ. ಮಗಳನ್ನು ಎತ್ತಿಕೊಂಡವನೇ ಅಮ್ಮನ ಕಡೆ ತಿರುಗಿದ.

"ನಿನ್ ಬೆರಳಿಟ್ಟು ತೆಗೀಬಹುದಿತ್ತಲ್ಲಮ್ಮ? ಅವತ್ತೇ ಅದ್ರಲ್ಲಿ ನಿನ್ ಗುರುತು ಹಾಕಿಸಿ ಕೊಟ್ಟಿದ್ನಲ್ಲ?"

"ಮೂರು ತಿಂಗಳಾಯ್ತು ಕಣೋ, ಒಂದಿನಾನೂ ಅದು ನನ್ ಬೆರಳು ಒಪ್ಪಿಲ್ಲ. ನನ್ ಮನೆ ಬಾಗಿಲಲ್ಲಿ ನಾನೇ ಕಾಯ್ತಾ ಕೂತಿದ್ದೀನಿ. ಹೇಳಿದ್ರೆ ಅಮ್ಮಂಗೆ ಏನೂ ಬರಲ್ಲ ಅಂತ ನಗ್ತೀಯ ಅಂತ ಸುಮ್ನಿದ್ದೆ."

ಮೋಹನ್ ಕುಮಾರ್ ತಲೆ ತಗ್ಗಿಸಿದ. ಅವನು ಹಾಗೆ ನಕ್ಕಿದ್ದು ನಿಜವೇ ಆಗಿತ್ತು, ಒಂದೆರಡು ಸಲವಲ್ಲ.

"ಇದನ್ನ ಕಿತ್ತು ಬಿಸಾಕು" ಎಂದರು ಹನುಮಕ್ಕ.

ಶೈಲಾ ತಡೆದಳು. "ಕೀಳೂದು ಬ್ಯಾಡ್ರಿ. ನನಗ ದಿನಾ ಇಂಥವ ಫೋನ್ ಬರ್ತಾವ. ಹಾಕಿಸಿದವ್ರು ಒಬ್ರು, ಮನಿಯಾಗ ದಿನಾ ಇರೋರು ಇನ್ನೊಬ್ರು. ಅಮ್ಮಾರಿಗೆ ಅವ್ರದ ಒಂದು ನಂಬರ್ ಇಟ್ಟುಕೊಡ್ರಿ. ಮುಂಜಾನಿ ತಾನಾಗೇ ಲಾಕ್ ಬೀಳೂದನ್ನ ಬಂದ್ ಮಾಡ್ರಿ. ಒಂದು ಕೀಲಿ ಹೊರಗ, ನೀವು ನಂಬೋರ ಮನಿಯಾಗ ಇರ್ಲಿ."

"ಕೀ ಬೇರೆಯವ್ರ ಹತ್ರ ಇದ್ರೆ ಸೇಫ್ಟಿ ಎಲ್ಲಿ?" ಅಂದ ಮೋಹನ್.

ಹನುಮಕ್ಕ ಮಗುವಿನ ತಲೆ ಸವರುತ್ತಾ ಹೇಳಿದರು: "ಇವತ್ತು ಬೀರುವಿನಲ್ಲಿ ಭದ್ರವಾಗೇ ಇತ್ತಲ್ಲಪ್ಪ."

ಮೋಹನ್ ಬೀರು ತೆಗೆದು ಕೀ ತಂದು ಶೈಲಾಳ ಕೈಗಿಟ್ಟ. ಆಮೇಲೆ ಅಮ್ಮನ ಪಕ್ಕ ನಿಂತು, ನಂಬರನ್ನು ಅವರಿಂದಲೇ ಆರಿಸಿ, ಅವರ ಕೈಯಿಂದಲೇ ಹತ್ತು ಸಲ ಬಾಗಿಲು ತೆಗೆಸಿದ. ಮೊದಲೆರಡು ಸಲ ತಪ್ಪಾಯಿತು. ಈ ಸಲ ಅವನು ನಗಲಿಲ್ಲ. ಮೂರನೇ ಸಲ ಬಾಗಿಲು ಟಿಣ್ ಅಂದಾಗ ಹನುಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಮಾಡ್ತೀನಿ ಇರು" ಅಂದರು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಲಾಕ್ ಬಂದಿದೆಯೆ? ಲಾಕಿನ ಬ್ಯಾಟರಿ ಮುಗಿಯದಂತೆ ನೋಡಿಕೊಳ್ಳಿ. ಒಂದು ಕೀ ಮನೆಯಿಂದ ಹೊರಗೆ, ನಂಬಿಕೆಯ ಜಾಗದಲ್ಲಿಡಿ. ಇವತ್ತು ಸಂಜೆಯೇ ಮನೆಯ ಹಿರಿಯರನ್ನು ಬಾಗಿಲ ಹತ್ತಿರ ಕರೆದು, "ಒಂದ್ಸಲ ನೀವೇ ತೆಗೀರಿ, ನೋಡೋಣ" ಎನ್ನಿ. ಅವರು "ನಂಗ್ಯಾಕಪ್ಪ ಅದೆಲ್ಲ" ಎಂದು ಹಿಂದೆ ಸರಿದರೆ, ಅಲ್ಲಿಗೇ ಬಿಟ್ಟುಬಿಡಬೇಡಿ. ಎಷ್ಟು ದಿನದಿಂದ ಹೊರಗೆ ಕಾಯುತ್ತಿದ್ದಾರೋ, ಯಾರಿಗೆ ಗೊತ್ತು.